ಒಂದು ಬಾಗಿಲು, ಎರಡು ಕೀಲಿ, ಒಂದು ಬೆಕ್ಕು
ಪರರ ಜಾಗದಲ್ಲಿ ಗಾಯಗೊಂಡ ಪ್ರಾಣಿ ನರಳಿದರೆ ಒಳಗೆ ಹೋಗುವವರು ಯಾರು?

ರನ್ನ ಬೆಳಗಲಿ: ಒಂದು ಬೆಕ್ಕು ನರಳಿದ್ದೂ ಸುದ್ದಿಯೇನ್ರೀ ಎಂದು ಕೇಳುವ ಮಂದಿ ಇದ್ದಾರೆ. ಕೇಳಲಿ. ಕಬ್ಬಿನ ಬಾಕಿ, ಬೆಲ್ಲದ ದರ, ನಳದ ನೀರು, ತಡವಾಗಿ ಬರುವ ಬಸ್ಸು ಇವೆಲ್ಲ ಈ ಅಂಕಣಕ್ಕೆ ದಿನಾ ಇದ್ದದ್ದೇ. ಇವತ್ತು ಬೆಕ್ಕಿನ ಮಾತು. ಓದಿ ಮುಗಿಸಿದ ಮೇಲೆ ಇದು ಬೆಕ್ಕಿನ ಮಾತೋ, ನಮ್ಮ ನಿಮ್ಮ ಮಾತೋ ಎಂಬುದನ್ನು ಓದುಗರೇ ತೀರ್ಮಾನಿಸಲಿ.

ಕಬ್ಬು ಕಡಿಯುವ ಹಂಗಾಮಿನ ಸಮಯ. ಊರೊಳಗಿನ ಒಂದು ಓಣಿಯಲ್ಲಿ ಹಳೆಯ ವಾಡೆ. ದೊಡ್ಡ ಬಾಗಿಲು, ಒಳಗೆ ಅಂಗಳ, ಅಂಗಳದ ಸುತ್ತ ಬಿದ್ದುಹೋದ ಪಡಸಾಲೆ. ಮನೆತನದಲ್ಲಿ ಉಳಿದವರು ಇಬ್ಬರು ಅಣ್ಣತಮ್ಮಂದಿರು. ಅಣ್ಣ ಪುಣೆಯಲ್ಲಿ, ತಮ್ಮ ಇಲ್ಲೇ ಪಕ್ಕದ ಊರಿನಲ್ಲಿ. ಇಬ್ಬರ ನಡುವೆ ವಾಟ್ನಿ ದಾವೆ. ಹೀಗಾಗಿ ಬಾಗಿಲಿಗೆ ಅಣ್ಣನದೊಂದು ಕೀಲಿ, ತಮ್ಮನದೊಂದು ಕೀಲಿ. ಅಣ್ಣ ತೆಗೆದರೂ ಬಾಗಿಲು ತೆರೆಯದು, ತಮ್ಮ ತೆಗೆದರೂ ತೆರೆಯದು. ಮನುಷ್ಯರು ಕಾಲಿಡದ ಆ ಜಾಗದಲ್ಲಿ ಆರೇಳು ಬೆಕ್ಕುಗಳು ಸಂಸಾರ ಹೂಡಿದ್ದವು. ಯಾರೂ ಸಾಕಿದವಲ್ಲ. ಮನುಷ್ಯನನ್ನು ಕಂಡರೆ ಗೋಡೆ ಹಾರಿ ಮಾಯವಾಗುವ ಜಾತಿ.

ಎದುರಿಗೆ ಒಂದು ಕಿರಾಣಿ ಅಂಗಡಿ. ಅಂಗಡಿಯ ಕಾಕಾ ಒಂದು ಬೆಳಗ್ಗೆ ನಮ್ಮನ್ನು ತಡೆದು ನಿಲ್ಲಿಸಿದರು.

"ಏನ್ರೀ ಪೇಪರ್‌ನವರ, ರಾತ್ರಿ ನಿದ್ದಿ ಬರ್ತೈತೇನು ನಿಮಗ? ನನಗಂತೂ ಬರವಲ್ದು."

"ಯಾಕ್ರಿ ಕಾಕಾ, ಏನಾತು?"

"ವಾಡೇದಾಗ ಬೆಕ್ಕ ಒದರಾಕ ಹತ್ತೈತಿ. ಇವತ್ತಿಗೆ ಎರಡು ದಿನ. ಮರಿ ಹಾಕಿದ ಬೆಕ್ಕ್ರಿ ಅದು."

ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು ನೋಡಿದೆವು. ಬಿಳಿ, ಕಪ್ಪು, ಕೆಂಪು ಮೂರೂ ಬಣ್ಣದ ಬೆಕ್ಕು. ಹಿಂದಿನ ಬಲಗಾಲಿಗೆ ತಂತಿಯ ಉರುಲು. ಹೊಲದ ಬದುವಿಗೆ ಹಂದಿಗೆಂದು ಹಾಕುತ್ತಾರಲ್ಲ, ಅಂಥದ್ದು. ಉರುಲಿಗೆ ಸಿಕ್ಕು, ಜಗ್ಗಿ ಗೂಟ ಕಿತ್ತುಕೊಂಡು, ತಂತಿ ಎಳೆಯುತ್ತ ಮರಿಗಳ ಬಳಿ ಬಂದಿದೆ. ಬಂದ ಮೇಲೆ ಆ ತಂತಿ ಹಳೆಯ ತೊಲೆಗಳ ರಾಶಿಯಲ್ಲಿ ಸಿಕ್ಕಿಬಿದ್ದಿದೆ. ಮುಂದೆ ಹೋಗಲಾರದು, ಹಿಂದೆ ಬರಲಾರದು. ಎರಡು ಮರಿಗಳು ಅದರ ಹೊಟ್ಟೆಗೆ ಅಂಟಿಕೊಂಡಿದ್ದವು.

ಕಳ್ಳ, ಕಳ್ಳ!

ಬಾಗಿಲ ಮುಂದೆ ಮಂದಿ ಕೂಡಿದರು. ಮಂದಿ ಕೂಡಿದ ಮೇಲೆ ಮಾತಿಗೇನು ಬರ? ಒಬ್ಬರು, "ತಾನ ಸಾಯ್ತೈತಿ ಬಿಡ್ರಿ, ಊರ ತುಂಬ ಬೆಕ್ಕ ಅದಾವು" ಎಂದರು. ಒಬ್ಬ ಹಿರಿಯರು, "ಬೆಕ್ಕ ಸತ್ತ ಪಾಪಕ್ಕ ಬಂಗಾರದ ಬೆಕ್ಕ ಮಾಡಿಸಿ ದಾನ ಕೊಡಬೇಕಾಗ್ತೈತಿ" ಎಂದು ಹೆದರಿಸಿದರು. ಆ ಹೊತ್ತಿಗೆ ಬೇಕಾಗಿದ್ದದ್ದು ಬಂಗಾರವಲ್ಲ, ಎರಡು ಕಬ್ಬಿಣದ ಕೀಲಿಕೈ.

ಸಂಜೆ ಕಾಲೇಜಿಗೆ ಹೋಗುವ ಒಬ್ಬ ಹುಡುಗ ತಡೆಯಲಾರದೆ ಹಿತ್ತಲ ಗೋಡೆ ಏರಿದ. ಮಬ್ಬುಗತ್ತಲು. ಪಕ್ಕದ ಮನೆಯ ಅಜ್ಜಿ ಮಾಳಿಗೆಯಿಂದ ನೋಡಿ "ಕಳ್ಳ, ಕಳ್ಳ" ಎಂದು ಕೂಗಿದರು. ಓಣಿಗೆ ಓಣಿಯೇ ಬಂತು. ಯಾರು ಏನು ಎಂದು ಕೇಳುವ ಮೊದಲೇ ಹುಡುಗನಿಗೆ ಎರಡು ಏಟು ಬಿದ್ದವು. ಆಮೇಲೆ ಗುರುತು ಹಿಡಿದು "ಅಯ್ಯ, ನಮ್ಮ ಹುಡುಗನ ಅಲ್ರೀ" ಎಂದು ಅದೇ ಮಂದಿ ಚಹಾ ಕುಡಿಸಿದರು. ಹುಡುಗ ಮನೆಗೆ ಹೋದ. ಬೆಕ್ಕು ಇದ್ದಲ್ಲೇ ಉಳಿಯಿತು.

ಮರುದಿನ ತಮ್ಮನಿಗೆ ಫೋನು ಹಚ್ಚಿದೆವು. ಮನುಷ್ಯ ಕೆಟ್ಟವರಲ್ಲ. ಆದರೆ ಅವರ ಸಂಕಟ ಬೇರೆ. "ನನ್ನ ಕೀಲಿ ನಾ ತಗೀತೀನ್ರಿ. ಆದ್ರ ಅಣ್ಣ ನಾಳೆ ಕೋರ್ಟಿನ್ಯಾಗ ನಿಂತು, ತಮ್ಮ ಬಾಗಲಾ ತಗದು ಸಾಮಾನ ಒಯ್ದ ಅಂದ್ರ?" ಅಣ್ಣನಿಗೆ ಪುಣೆಗೆ ಫೋನು ಹಚ್ಚಿದರೆ ಅಲ್ಲಿಯೂ ಅದೇ ರಾಗ. "ಆಂವ ಒಳಗ ಕಾಲಿಟ್ಟ ಅಂದ್ರ ಸ್ವಾಧೀನ ನಂದ ಅಂತಾನ್ರಿ. ಬೆಕ್ಕಿನ ನೆವಾ ಮಾಡಿ ಮನಿ ಹೊಡಕೊಳ್ಳಾಕ ಹತ್ಯಾರ."

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಗಾದೆಯನ್ನು ಇಲಿಗಳ ಬಗ್ಗೆ ಕಟ್ಟಿದ್ದಾರೆ ಎಂದು ತಿಳಿದಿದ್ದೆವು. ಅದು ಮನುಷ್ಯರ ಗಾದೆ.

ನಾಲ್ಕು ಮಂದಿ ಪಂಚರು

ಕೊನೆಗೆ ದಾರಿ ತೋರಿಸಿದವರು ಕಿರಾಣಿ ಕಾಕಾನೇ. ಉದ್ರಿ ಪುಸ್ತಕ ಬರೆದು ಬರೆದು ಲೆಕ್ಕಾಚಾರ ಕಲಿತವರು. "ಇಬ್ಬರೂ ಒಂದೊಂದು ಸಾಲು ಬರದು ಮೊಬೈಲಿಗೆ ಕಳಸ್ಲಿ. ಊರಿನ ನಾಲ್ಕು ಮಂದಿ ಪಂಚರು ನಿಲ್ಲೂಣು. ಒಳಗ ಹೋಗೂದು, ಬೆಕ್ಕ ತರೂದು, ಹೊರಗ ಬರೂದು ಎಲ್ಲಾ ವಿಡಿಯೋ ಮಾಡೂಣು. ಕೀಲಿ ಮತ್ತ ಹಾಕೂಣು."

ಠಾಣೆಗೆ ಹೋಗಿ ಕೇಳಿದಾಗ ಅವರೂ ಅದೇ ಮಾತು ಹೇಳಿದರು. ಇಬ್ಬರ ಒಪ್ಪಿಗೆ ಇರಲಿ, ಸಾಕ್ಷಿ ಇರಲಿ, ಬೇರೆ ಒಂದು ಕಡ್ಡಿ ಮುಟ್ಟಬೇಡಿರಿ.

ಒಪ್ಪಿಗೆಯ ಸಾಲು ಹೀಗಿತ್ತು: 'ಗಾಯಗೊಂಡ ಬೆಕ್ಕು ಹಾಗೂ ಮರಿಗಳನ್ನು ತೆಗೆಯಲಿಕ್ಕೆ ಮಾತ್ರ, ಪಂಚರ ಎದುರು, ಒಂದು ತಾಸಿನ ಮಟ್ಟಿಗೆ ಬಾಗಿಲು ತೆಗೆಯಲು ನನ್ನ ಅಡ್ಡಿ ಇಲ್ಲ. ಇದರಿಂದ ಯಾರ ಹಕ್ಕಿಗೂ ಬಾಧೆ ಇಲ್ಲ.' ಇಷ್ಟು ಬರೆಸಲಿಕ್ಕೆ ಎರಡು ದಿನ ಹೋಯಿತು. ಅಣ್ಣ ತನ್ನ ಕೀಲಿಕೈಯನ್ನು ಪುಣೆಯಿಂದ ಬರುವ ಬಸ್ಸಿನಲ್ಲಿ ಪರಿಚಯದವರ ಕೈಯಲ್ಲಿ ಕೊಟ್ಟು ಕಳಿಸಿದರು.

ಬಾಗಿಲು ತೆರೆದದ್ದು ಬೆಕ್ಕು ಸಿಕ್ಕಿಬಿದ್ದ ಆರನೆಯ ದಿನ. ಒಂದು ಮರಿ ಸತ್ತಿತ್ತು. ತಾಯಿಯ ಗಾಯದಲ್ಲಿ ಹುಳ ಬಿದ್ದಿದ್ದವು. ಕೋಳಿ ಮುಚ್ಚುವ ಬುಟ್ಟಿ ಹಾಕಿ ಹಿಡಿದು, ಪಕ್ಕಡದಿಂದ ತಂತಿ ಕತ್ತರಿಸಿ, ದನದ ದವಾಖಾನೆಗೆ ಒಯ್ದೆವು. ಡಾಕ್ಟರು ಮದ್ದು ಕೊಟ್ಟು ಮಲಗಿಸಿ, ಮಾಂಸದೊಳಗೆ ಇಳಿದಿದ್ದ ತಂತಿ ತೆಗೆದರು. ಹುಳ ತೆಗೆದು ಗಾಯ ತೊಳೆದರು. ಪಾದ ಉಳಿಯಲಿಲ್ಲ. "ಮೊದಲನೇ ದಿನ ತಂದಿದ್ದರ ಪಾದ ಉಳಸಬಹುದಿತ್ತು" ಎಂದರು. ನಾವು ಯಾರೂ ಉತ್ತರ ಕೊಡಲಿಲ್ಲ. ಕೊಡುವ ಉತ್ತರ ಇರಲಿಲ್ಲ.

ಕಾಯ್ದೆ ಏನು ಹೇಳುತ್ತದೆ?

ಈ ಪ್ರಸಂಗದ ನಂತರ ಅಂಗಡಿ ಕಟ್ಟೆಯ ಮೇಲೆ ನಮ್ಮನ್ನು ಕೇಳಿದ ಪ್ರಶ್ನೆ ಒಂದೇ. ಗೋಡೆ ಹಾರಿದ ಹುಡುಗನದು ತಪ್ಪೋ ಸರಿಯೋ?

ಕಾಯ್ದೆಯ ಮಾತು ಇಷ್ಟು. 2024ರ ಜುಲೈ 1ರಿಂದ ಹಳೆಯ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 329ನೆಯ ಕಲಮು ಅತಿಕ್ರಮ ಪ್ರವೇಶದ್ದು. ಪರರ ಜಾಗದೊಳಗೆ ಕಾಲಿಟ್ಟ ಮಾತ್ರಕ್ಕೆ ಅದು ಅಪರಾಧವಾಗುವುದಿಲ್ಲ. ಅಪರಾಧ ಮಾಡುವ, ಬೆದರಿಸುವ, ಅವಮಾನಿಸುವ ಇಲ್ಲವೆ ಕಿರುಕುಳ ಕೊಡುವ ಉದ್ದೇಶ ಇರಬೇಕು. ಆ ಉದ್ದೇಶ ಸಾಬೀತಾದರೆ ಮೂರು ತಿಂಗಳವರೆಗೆ ಜೈಲು ಇಲ್ಲವೆ 5,000 ರೂಪಾಯಿವರೆಗೆ ದಂಡ ಇಲ್ಲವೆ ಎರಡೂ. ಮನೆಯೊಳಗೆ ಹೊಕ್ಕರೆ ಜೈಲು ಒಂದು ವರ್ಷದವರೆಗೆ. ಬೆಕ್ಕು ಬದುಕಿಸಲು ಹೋದವನ ಉದ್ದೇಶ ಕೆಟ್ಟದ್ದಲ್ಲ, ನಿಜ. ಆದರೆ ಅದನ್ನು ಹೇಳಿ ನಂಬಿಸುವ ಹೊತ್ತಿಗೆ ಎರಡು ಏಟು ಬಿದ್ದಿರುತ್ತವೆ, ಕೆಲವೊಮ್ಮೆ ಒಂದು ಫಿರ್ಯಾದಿಯೂ ಬಿದ್ದಿರುತ್ತದೆ. ಕಾಯ್ದೆಯಲ್ಲಿ ತಪ್ಪಿಲ್ಲದಿದ್ದರೂ ವ್ಯವಹಾರದಲ್ಲಿ ಗೋಡೆ ಹಾರುವುದು ಜಾಣತನವಲ್ಲ.

ಇನ್ನು ಮಾಲೀಕರ ಕಡೆ. 'ನನ್ನ ಜಾಗ, ನನ್ನ ಬೆಕ್ಕು, ಏನು ಬೇಕಾದರೂ ಮಾಡುತ್ತೇನೆ' ಎಂಬ ಮಾತು ನಡೆಯುವುದಿಲ್ಲ. ಅದೇ ನ್ಯಾಯ ಸಂಹಿತೆಯ 325ನೆಯ ಕಲಮು, ಪ್ರಾಣಿಯನ್ನು ಕೇಡು ಬಗೆದು ಕೊಲ್ಲುವುದು, ವಿಷ ಹಾಕುವುದು, ಅಂಗಹೀನ ಮಾಡುವುದಕ್ಕೆ ಐದು ವರ್ಷದವರೆಗೆ ಜೈಲು ಹೇಳುತ್ತದೆ. ಹಳೆಯ ಸಂಹಿತೆಯಲ್ಲಿ 10 ರೂಪಾಯಿ ಬೆಲೆಯ ಪ್ರಾಣಿ, 50 ರೂಪಾಯಿ ಬೆಲೆಯ ಪ್ರಾಣಿ ಎಂದು ಎರಡು ತರಗತಿ ಇದ್ದವು. ಈಗ ಆ ಬೆಲೆ ಕಟ್ಟುವ ಪದ್ಧತಿ ಹೋಗಿದೆ.

ಇದಲ್ಲದೆ 1960ರ ಪ್ರಾಣಿಹಿಂಸಾ ತಡೆ ಕಾಯ್ದೆ ಇದೆ. ಇದಕ್ಕೆ ಮೂಲ, ನೃತ್ಯ ಕಲಾವಿದೆ ರುಕ್ಮಿಣೀದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ತಂದ ಖಾಸಗಿ ಮಸೂದೆ. ಮುಂದೆ 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಆದಾಗ ಅವರೇ ಅದರ ಮೊದಲ ಅಧ್ಯಕ್ಷೆ. ಕಾಯ್ದೆ ಒಳ್ಳೆಯದೇ. ಆದರೆ ಬರೆದಾಗ ಇಟ್ಟ ದಂಡ, ಮೊದಲ ತಪ್ಪಿಗೆ ಹೆಚ್ಚೆಂದರೆ 50 ರೂಪಾಯಿ. ಆಗ ಅದು ದೊಡ್ಡ ಹಣ. ಈಗ ಬಸ್‌ಸ್ಟ್ಯಾಂಡಿನಲ್ಲಿ ಒಂದು ಪ್ಲೇಟು ಮಿರ್ಚಿ, ಒಂದು ಚಹಾದ ಹಣ.

ಬಾಗಿಲು ತೆಗೆಯಲು ಯಾರೂ ಒಪ್ಪದಿದ್ದರೆ? ಒಳಗೆ ಹಿಂಸೆ ನಡೆದಿದೆ ಎಂದು ನಂಬಲು ಕಾರಣವಿದ್ದರೆ ಮ್ಯಾಜಿಸ್ಟ್ರೇಟರು ಇಲ್ಲವೆ ಜಿಲ್ಲಾ ಪೊಲೀಸ್ ವರಿಷ್ಠರು ಶೋಧನಾ ವಾರಂಟು ಕೊಡಬಹುದು. ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕಡಿಮೆ ಇಲ್ಲದ ಅಧಿಕಾರಿ ಒಳಗೆ ಹೋಗಬಹುದು. ಇದು ಆ ಕಾಯ್ದೆಯ 33ನೆಯ ಕಲಮು. ಪ್ರಾಣಿ ಬದುಕುವ ಆಸೆಯೇ ಇಲ್ಲದಷ್ಟು ಗಾಯಗೊಂಡಿದ್ದರೆ ಅದಕ್ಕೂ 13ನೆಯ ಕಲಮು ಇದೆ. ಪಶುವೈದ್ಯರು ನೋಡಿ ಬರೆದುಕೊಡಬೇಕು, ಮ್ಯಾಜಿಸ್ಟ್ರೇಟರ ಆದೇಶ ಬೇಕು, ಆಮೇಲೆ ನೋವಿಲ್ಲದಂತೆ ಕೊನೆ. 'ಪಾಪ, ಒದ್ದಾಡೂದು ನೋಡಾಕ ಆಗವಲ್ದು' ಎಂದು ಕಲ್ಲು ಎತ್ತುವ ಅಧಿಕಾರ ಓಣಿಯವರಿಗಿಲ್ಲ.

ಪ್ರಾಣಿಹಿಂಸೆ ತಡೆಯಲು ಜಿಲ್ಲೆಗೊಂದು ಸಂಘ ಇರಬೇಕೆಂದು 2001ರ ನಿಯಮವೂ ಇದೆ. ಅಷ್ಟೇ ಏಕೆ, ಜೀವಿಗಳ ಮೇಲೆ ದಯೆ ತೋರುವುದು ಪ್ರಜೆಯ ಮೂಲ ಕರ್ತವ್ಯವೆಂದು ಸಂವಿಧಾನದ 51ಎ ವಿಧಿಯಲ್ಲಿ ಬರೆದಿದೆ. 1976ರ 42ನೆಯ ತಿದ್ದುಪಡಿಯಿಂದ ಬಂದ ಮಾತು ಅದು. ಕಾಗದದ ಮೇಲೆ ಬೆಕ್ಕಿಗೆ ಏನೂ ಕಡಿಮೆ ಇಲ್ಲ.

ಹಿಡಿಯುವುದು ಹೇಗೆ?

ಊರ ಬೆಕ್ಕು ಬೇರೆ, ಮನೆಯ ಬೆಕ್ಕು ಬೇರೆ. ಮನೆಯ ಬೆಕ್ಕು ಗಾಯವಾದರೆ ಕಾಲ ಬುಡಕ್ಕೆ ಬರುತ್ತದೆ. ಮನುಷ್ಯನ ಕೈ ಕಾಣದ ಬೆಕ್ಕು ಗಾಯವಾದರೆ ಅಡಗುತ್ತದೆ. ನೋವು ಹೊರಗೆ ತೋರಿಸದಿರುವುದು ಅದರ ಗುಣ. ತೋರಿಸಿದರೆ ನಾಯಿ ಹಿಡಿಯುತ್ತದೆ ಎಂಬುದು ಅದರ ರಕ್ತದಲ್ಲಿದೆ. ಆದ್ದರಿಂದ ಅದು ಬಯಲಲ್ಲಿ ಬಿದ್ದುಕೊಂಡಿದೆ, ಒದರುತ್ತಿದೆ ಅಂದರೆ ಗಾಯ ದೊಡ್ಡದೆಂದು ತಿಳಿಯಬೇಕು.

ಬರಿಗೈಯಿಂದ ಮುಟ್ಟಬೇಡಿರಿ. ಎಷ್ಟು ಸಣ್ಣ ಬೆಕ್ಕಾದರೂ ಹೆದರಿದಾಗ ಹಲ್ಲು ಮೂಳೆಯವರೆಗೆ ಇಳಿಸುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಚರ್ಮದ ಕೈಗವಸು ಇರುತ್ತದೆ, ಕೇಳಿದರೆ ಕೊಡುತ್ತಾರೆ. ಏಳಲಾರದೆ ಬಿದ್ದ ಬೆಕ್ಕಿನ ಮೇಲೆ ದಪ್ಪ ಟವೆಲ್ಲೋ ಗೋಣಿಚೀಲವೋ ಹಾಕಿ ತಲೆ ಮುಚ್ಚಿ, ಬುಟ್ಟಿಯೊಳಗೆ ಸರಿಸಬೇಕು. ಕಣ್ಣಿಗೆ ಕತ್ತಲಾದರೆ ಬೆಕ್ಕು ಅರ್ಧ ಶಾಂತವಾಗುತ್ತದೆ. ಬುಟ್ಟಿಯ ಮೇಲೂ ಬಟ್ಟೆ ಇರಲಿ. ಸುತ್ತ ನಿಂತು ನೋಡುವ ಮಂದಿಯನ್ನು ಮೊದಲು ಕಳಿಸಬೇಕು. ಅರ್ಧ ಕೆಲಸ ಅದೇ.

ಓಡುವ ಶಕ್ತಿ ಇರುವ ಬೆಕ್ಕಾದರೆ ಬೆನ್ನು ಹತ್ತಿ ಹಿಡಿಯಲಾಗದು. ಅಟ್ಟಿಸಿಕೊಂಡು ಹೋದರೆ ಗಾಯ ಹರಿಯುತ್ತದೆ, ಬಾವಿಗೆ ಹಾರುತ್ತದೆ, ರಸ್ತೆಗೆ ಬೀಳುತ್ತದೆ. ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ತಿನ್ನಲು ಇಡಬೇಕು. ಒಣಮೀನಿನ ವಾಸನೆಗೆ ಬಾರದ ಬೆಕ್ಕು ಕಡಿಮೆ. ಮಾಂಸ ಮುಟ್ಟದ ಮನೆಯವರು ಆ ಕೆಲಸವನ್ನು ಬೇರೆಯವರಿಗೆ ಬಿಟ್ಟರಾಯಿತು. ತಿನ್ನಲು ಬರುವ ರೂಢಿಯಾದ ಮೇಲೆ ಬಾಗಿಲು ತಾನೇ ಬೀಳುವ ಪಂಜರ ಇಟ್ಟು, ಮರೆಯಲ್ಲಿ ಕಾಯಬೇಕು. ಇಟ್ಟ ಪಂಜರವನ್ನು ಮರೆತು ಊರಿಗೆ ಹೋಗಬಾರದು. ಬಿಸಿಲಲ್ಲಿ ಪಂಜರವೇ ಬೆಕ್ಕಿಗೆ ಒಲೆಯಾಗುತ್ತದೆ.

ಹೆಣ್ಣು ಬೆಕ್ಕಾದರೆ ಮೊಲೆ ನೋಡಿರಿ. ಹಾಲು ಇದ್ದರೆ ಎಲ್ಲೋ ಮರಿಗಳಿವೆ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂಬ ಮಾತು ಸುಳ್ಳಲ್ಲ. ಏಳೂ ಮನೆ ಹುಡುಕಬೇಕಾಗುತ್ತದೆ.

ಇನ್ನು ಮಾಡಬಾರದ್ದು. ಜ್ವರದ ಗುಳಿಗೆ, ಅಂದರೆ ಪ್ಯಾರಾಸಿಟಮಾಲ್, ಬೆಕ್ಕಿಗೆ ವಿಷ. ಮನುಷ್ಯನ ಲಿವರ್ ಅದನ್ನು ಕರಗಿಸುವ ರೀತಿಯಲ್ಲಿ ಬೆಕ್ಕಿನ ಲಿವರ್ ಕರಗಿಸಲಾರದು. ಒಂದೇ ಗುಳಿಗೆ ಸಾಕು ಸಾಯಲು. ಡೆಟ್ಟಾಲ್, ಫಿನಾಯಿಲ್ ಕೂಡ ಬೇಡ. ಬೆಕ್ಕು ಮೈ ನೆಕ್ಕುವ ಪ್ರಾಣಿ, ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ನಾಯಿಯ ಉಣ್ಣೆಗೆ ಹಾಕುವ ಕೆಲವು ಔಷಧಗಳೂ ಬೆಕ್ಕಿಗೆ ಮಾರಕ. ಬೆಳೆದ ಬೆಕ್ಕಿಗೆ ಹಾಲು ಕೂಡ ಹೊಟ್ಟೆ ಕೆಡಿಸುವುದೇ ಹೆಚ್ಚು, ನೀರು ಇಟ್ಟರೆ ಸಾಕು. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡು ಓಡಿದ ಕಥೆ ಎಲ್ಲರಿಗೂ ಗೊತ್ತು. ಇದು ಬೇರೆ ಕಾರಣ, ಆದರೂ ಓಡಿದ್ದು ಒಳ್ಳೆಯದಾಯಿತು ಎನ್ನಬೇಕು.

ಇಲಿಗೆ ಹಾಕುವ ಅಂಟಿನ ಹಲಗೆಗೆ ಬೆಕ್ಕಿನ ಮರಿ ಅಂಟಿದರೆ ಜಗ್ಗಬೇಡಿರಿ, ಚರ್ಮ ಬರುತ್ತದೆ. ಅಡುಗೆ ಎಣ್ಣೆ ಹಚ್ಚುತ್ತ ನಿಧಾನವಾಗಿ ಬಿಡಿಸಬೇಕು. ಇಲಿ ಪಾಷಾಣ ಇಡುವ ಅಂಗಡಿಕಾರರಿಗೆ ಒಂದು ಮಾತು: ಪಾಷಾಣ ತಿಂದ ಇಲಿಯನ್ನು ಬೆಕ್ಕು ತಿಂದರೆ ಅದರ ಹೊಟ್ಟೆಗೂ ವಿಷ ಸೇರುತ್ತದೆ. ಪಗಾರ ಇಲ್ಲದೆ ಗೋದಾಮು ಕಾಯುವ ಆಳನ್ನು ನೀವೇ ಕೊಂದಂತೆ.

ಕಚ್ಚಿದರೆ, ಪರಚಿದರೆ? ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಖಾರಪುಡಿ, ಸುಣ್ಣ ಏನೂ ಬೇಡ. ಆ ದಿನವೇ ಸರ್ಕಾರಿ ದವಾಖಾನೆಗೆ ಹೋಗಿ ರೇಬಿಸ್ ಲಸಿಕೆ ಹಾಕಿಸಿಕೊಳ್ಳಬೇಕು. ಹುಚ್ಚುನಾಯಿ ರೋಗ ಬೆಕ್ಕಿನಿಂದಲೂ ಬರುತ್ತದೆ. ಲಕ್ಷಣ ಕಂಡ ಮೇಲೆ ಬದುಕಿಸುವ ಮದ್ದಿಲ್ಲ. ದಯೆ ಮಾಡಲು ಹೋದವರು ಜೀವ ಕಳೆದುಕೊಳ್ಳಬಾರದು.

ಪಶುಸಂಗೋಪನೆ ಇಲಾಖೆಯ ಸಂಚಾರಿ ವಾಹನಕ್ಕೆ 1962 ಎಂಬ ನಂಬರು ಇದೆ. ಮುಖ್ಯವಾಗಿ ದನಕರುಗಳಿಗೆಂದು ಇರುವ ಸೇವೆ. ಆದರೂ ಏನು ಮಾಡಬೇಕೆಂದು ಕೇಳಲು ಅಡ್ಡಿಯಿಲ್ಲ. ಬಾವಿಗೆ ಬಿದ್ದಿದ್ದರೆ ಅಗ್ನಿಶಾಮಕದ 101. ನಮ್ಮ ಗಡಿಯಾಚೆ ಸಾಂಗ್ಲಿ, ಸೊಲ್ಲಾಪುರ ಭಾಗದಲ್ಲಿ 'ಅನಿಮಲ್ ರಾಹತ್' ಎಂಬ ಸಂಸ್ಥೆ 2003ರಿಂದ ಸಕ್ಕರೆ ಕಾರ್ಖಾನೆಗೆ ಕಬ್ಬು ಎಳೆಯುವ ಎತ್ತುಗಳ ಆರೈಕೆ ಮಾಡುತ್ತ ಬಂದಿದೆ. ಬಾವಿಗೆ ಬಿದ್ದ ನಾಯಿ ಬೆಕ್ಕುಗಳನ್ನೂ ಎತ್ತಿದೆ. ಕಬ್ಬಿನ ಸೀಮೆಯಲ್ಲಿ ಇಂಥ ಕೆಲಸ ಆಗದ ಮಾತಲ್ಲ ಎಂಬುದಕ್ಕೆ ಇದು ಸಾಕ್ಷಿ.

ಕಬ್ಬಿನೊಳಗಿನ ಬೆಕ್ಕು ಬೇರೆ

ಹಂಗಾಮಿನಲ್ಲಿ ಕಬ್ಬು ಕಡಿಯುವವರಿಗೆ ಇನ್ನೊಂದು ಸಂಗತಿ ಗೊತ್ತಿರಬೇಕು. ಕಬ್ಬಿನ ನಡುವೆ ಸಿಗುವ ಮರಿಗಳೆಲ್ಲ ಊರ ಬೆಕ್ಕಿನವಲ್ಲ. ಕಾಡುಬೆಕ್ಕು ಎಂಬ ಪ್ರಾಣಿ ಕಬ್ಬಿನಲ್ಲಿ, ನದಿ ದಂಡೆಯ ಜೇಕಿನಲ್ಲಿ ಮರಿ ಹಾಕುತ್ತದೆ. ಉದ್ದ ಕಾಲು, ಮಣ್ಣಿನ ಬಣ್ಣದ ಮೈ, ಗಿಡ್ಡ ಬಾಲ, ಬಾಲದ ತುದಿಗೆ ಕಪ್ಪು ಬಳೆ, ಕಿವಿ ತುದಿಗೆ ಸಣ್ಣ ಕಪ್ಪು ಕೂದಲು. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದಕ್ಕಿದೆ. ಮನೆಗೆ ಒಯ್ದು ಸಾಕಿದರೆ ಅಪರಾಧ.

ಮರಿ ಸಿಕ್ಕರೆ ಅನಾಥ ಎಂದು ತಿಳಿಯಬೇಡಿರಿ. ತಾಯಿ ಆಹಾರಕ್ಕೆ ಹೋಗಿರುತ್ತದೆ, ಇಲ್ಲವೆ ಕುಡುಗೋಲಿನ ಸಪ್ಪಳಕ್ಕೆ ಹೆದರಿ ದೂರ ನಿಂತಿರುತ್ತದೆ. ಮಹಾರಾಷ್ಟ್ರದ ಜುನ್ನರ ಭಾಗದ ಕಬ್ಬಿನಲ್ಲಿ ಸಿಗುವ ಚಿರತೆ ಮರಿ, ಕಾಡುಬೆಕ್ಕಿನ ಮರಿಗಳನ್ನು ಅರಣ್ಯ ಇಲಾಖೆ ಹಾಗೂ ವೈಲ್ಡ್‌ಲೈಫ್ ಎಸ್‌ಓಎಸ್ ಸಂಸ್ಥೆಯವರು ಸಂಜೆ ಸಿಕ್ಕ ಜಾಗದಲ್ಲೇ ಬುಟ್ಟಿಯಲ್ಲಿಟ್ಟು ದೂರದಿಂದ ಕಾಯುತ್ತಾರೆ. ಕತ್ತಲಾದ ಮೇಲೆ ತಾಯಿ ಬಂದು ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ. ಇಲ್ಲಿಯೂ ಅದೇ ದಾರಿ. ಆ ಮೂಲೆಯ ಕಬ್ಬು ಒಂದು ದಿನ ಬಿಟ್ಟು ಕಡಿಯಿರಿ, ಅರಣ್ಯ ಇಲಾಖೆಯ 1926ಕ್ಕೆ ಫೋನು ಮಾಡಿರಿ.

ನಾಯಿಗೆ ಅಂಚೆಚೀಟಿ, ಬೆಕ್ಕಿಗೆ ಕಲ್ಲು

ನಮ್ಮ ಮುಧೋಳ ತಾಲೂಕು ನಾಯಿಗೆ ಹೆಸರಾದದ್ದು. ಘೋರ್ಪಡೆ ಮಹಾರಾಜರು ಬೆಳೆಸಿದ ತಳಿಗೆ 2005ರಲ್ಲಿ ಅಂಚೆಚೀಟಿ ಬಂತು. ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರ ಇದೆ. ಹೆಮ್ಮೆಯ ಮಾತು. ಬೆಕ್ಕಿನ ಪಾಲಿಗೆ ಬಂದದ್ದು ಮಾತ್ರ, ಅಡ್ಡ ಬಂತೆಂದು ಎಸೆಯುವ ಕಲ್ಲು.

ಬೆಕ್ಕು ಊರಿಗೆ ಬಂದದ್ದು ನಮ್ಮ ಕಾಳಿನ ಹಿಂದೆ. ಕಾಳಿಗೆ ಇಲಿ ಬಂತು, ಇಲಿಗೆ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂಳಿದ ಬೆಕ್ಕಿನ ಎಲುಬು ಸಿಕ್ಕಿದೆ. ಅದು 9,500 ವರ್ಷದ ಹಿಂದಿನದೆಂದು 2004ರಲ್ಲಿ ಪ್ರಕಟವಾಯಿತು. ಅಷ್ಟು ಹಳೆಯ ಲೇವಾದೇವಿ ಇದು. ಕಿರಾಣಿ ಅಂಗಡಿ, ಬೆಲ್ಲದ ಗೋದಾಮು, ಮಗ್ಗದ ಶೆಡ್ಡು ಇರುವ ತನಕ ಬೆಕ್ಕು ಇರುತ್ತದೆ.

'ಹಾಗಾದರೆ ಹೆಚ್ಚುತ್ತಲೇ ಹೋಗಲಿ ಅಂತೀರೇನು?' ನ್ಯಾಯವಾದ ಪ್ರಶ್ನೆ. ಹೆಣ್ಣು ಬೆಕ್ಕು ಆರು ತಿಂಗಳೊಳಗೇ ಮರಿಗೆ ಬರಬಹುದು. ಗರ್ಭ ಸುಮಾರು ಒಂಬತ್ತು ವಾರ. ವರ್ಷಕ್ಕೆ ಎರಡು ಮೂರು ಸೂಲು. ಚೀಲದಲ್ಲಿ ತುಂಬಿ ಹಳ್ಳದಾಚೆ ಬಿಟ್ಟು ಬಂದರೆ ತೀರುವ ಲೆಕ್ಕವಲ್ಲ. ಜಾಗ ಖಾಲಿಯಾದರೆ, ತಿನ್ನಲು ಇಲಿ ಇದ್ದರೆ, ಬೇರೆ ಬೆಕ್ಕು ಬರುತ್ತದೆ. ಹಿಡಿದು, ಶಸ್ತ್ರಕ್ರಿಯೆ ಮಾಡಿಸಿ, ಗುರುತಿಗೆ ಕಿವಿಯ ತುದಿ ಸ್ವಲ್ಪ ಕತ್ತರಿಸಿ, ಅದೇ ಜಾಗಕ್ಕೆ ಬಿಡುವುದೇ ಲೋಕದ ಹಲವು ಕಡೆ ನಡೆದ ಪದ್ಧತಿ. ಗಾಯಕ್ಕೆಂದು ಹಿಡಿದ ಬೆಕ್ಕಿಗೆ, ಅದು ಚೇತರಿಸಿಕೊಂಡ ಮೇಲೆ, ಆ ಕೆಲಸವನ್ನೂ ಮುಗಿಸಿ ಬಿಡುವುದು ಜಾಣತನ. ಇಟಲಿ ದೇಶ 1991ರಲ್ಲಿ 281ನೆಯ ಕಾಯ್ದೆ ಮಾಡಿ, ಊರ ಬೆಕ್ಕುಗಳನ್ನು ಅವು ಇರುವ ಜಾಗದಲ್ಲೇ ಉಳಿಸಿ, ಶಸ್ತ್ರಕ್ರಿಯೆ ಮಾಡಿ ಬಿಡಬೇಕೆಂದು ಬರೆದಿಟ್ಟಿತು. ರೋಮ್ ನಗರದಲ್ಲಿ ಹಾಳುಬಿದ್ದ ಹಳೆಯ ದೇಗುಲಗಳ ನಡುವೆ ಬೆಕ್ಕುಗಳಿಗೊಂದು ಆಶ್ರಯವೇ ನಡೆದಿದೆ. ನಮ್ಮಲ್ಲಿ ಅಷ್ಟು ದೊಡ್ಡದು ಬೇಡ. ಊರು ಬಿಟ್ಟು ಹೋಗುವವರು ಒಂದು ಕೀಲಿಕೈ ನಂಬಿಗಸ್ಥರ ಹತ್ತಿರ ಇಟ್ಟು, ಫೋನ್ ನಂಬರು ಎದುರಿನ ಅಂಗಡಿಯಲ್ಲಿ ಕೊಟ್ಟು ಹೋದರೂ ಸಾಕು. ಬೆಕ್ಕಿಗಷ್ಟೇ ಅಲ್ಲ, ಬೆಂಕಿ ಬಿದ್ದರೂ ಅದೇ ಕೀಲಿಕೈ ಬೇಕು.

ಈ ಊರಿಗೆ ಹೆಸರು ಕೊಟ್ಟ ರನ್ನ, ಹತ್ತನೆಯ ಶತಮಾನದಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ಜೈನ ಕವಿ. ಅವನ ಗದಾಯುದ್ಧದಲ್ಲಿ ಗೆದ್ದವನು ಭೀಮ. ಆದರೆ ಓದಿದವರ ಎದೆಯಲ್ಲಿ ಉಳಿಯುವವನು ತೊಡೆ ಮುರಿದು ಬಿದ್ದ ದುರ್ಯೋಧನ. ಅದೂ ಅಣ್ಣತಮ್ಮಂದಿರ ಆಸ್ತಿಯ ಜಗಳವೇ. ಬಿದ್ದವರು ಯಾರೇ ಇರಲಿ, ಬಿದ್ದ ಮೇಲೆ ಅವರ ನೋವು ನೋಡು ಎಂದು ಕಲಿಸಿದ ಕವಿಯ ಊರು ಇದು.

ಮೂರು ಬಣ್ಣದ ಆ ಬೆಕ್ಕು ಬದುಕಿದೆ. ಮೂರು ಕಾಲಲ್ಲಿ ನಡೆಯುತ್ತದೆ. ಶಸ್ತ್ರಕ್ರಿಯೆಯೂ ಆಗಿದೆ. ಗೋಡೆ ಹಾರಲಾರದ್ದರಿಂದ ಕಿರಾಣಿ ಅಂಗಡಿಯ ಜೋಳದ ಚೀಲಗಳ ಹಿಂದೆಯೇ ಠಿಕಾಣಿ. ಉಳಿದ ಮರಿ ಬೆಳೆದು ವಾಡೆಗೆ ಮರಳಿದೆ. ಇಂದಿಗೂ ಯಾರಾದರೂ ಹತ್ತಿರ ಹೋದರೆ ತಾಯಿ ಗುರ್ ಎನ್ನುತ್ತದೆ. ಬದುಕಿಸಿದ್ದಕ್ಕೆ ಕೃತಜ್ಞತೆ ಗಿತಜ್ಞತೆ ಏನೂ ಇಲ್ಲ. ಬೇಕಾಗಿಯೂ ಇಲ್ಲ.

ವಾಡೆಯ ಬಾಗಿಲಿಗೆ ಮತ್ತೆ ಎರಡೂ ಕೀಲಿ ಬಿದ್ದಿವೆ. ದಾವೆ ನಡೆದೇ ಇದೆ. ಆದರೆ ಕಾಕಾ ಮೊನ್ನೆ ಒಂದು ಗುಟ್ಟು ಹೇಳಿದರು. ತಿಂಗಳಿಗೊಮ್ಮೆ ಪುಣೆಯಿಂದ ಅಣ್ಣ ಫೋನು ಮಾಡುತ್ತಾರಂತೆ. ಅದೇ ವಾರದಲ್ಲಿ ತಮ್ಮನೂ ಮಾಡುತ್ತಾರಂತೆ. ಇಬ್ಬರೂ ಕೇಳುವುದು ಒಂದೇ ಮಾತು.

"ಬೆಕ್ಕ ಹ್ಯಾಂಗೈತ್ರಿ?"

"ಚಲೋ ಐತ್ರಿ" ಎನ್ನುತ್ತಾರೆ ಕಾಕಾ. ಒಬ್ಬರು ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳಿಲ್ಲ. ಇವತ್ತು ಈ ಅಂಕಣ ಓದಿದರೆ ಇಬ್ಬರಿಗೂ ತಿಳಿಯುತ್ತದೆ. ತಿಳಿಯಲಿ ಬಿಡಿರಿ.